ವಾಕ್ಯದ ಉದ್ದವೂ ಅನ್ವಯದ ದೂರವೂ

ಕನ್ನಡ ಗದ್ಯವು ಕಠಿನವಾಗಿದೆ, ಅದನ್ನು ಸುಲಭಗೊಳಿಸಬೇಕು ಎಂಬ ಕೂಗು ಹೊಸದಲ್ಲ. ಪಠ್ಯಪುಸ್ತಕಗಳು, ಕಚೇರಿಯ ಆಜ್ಞಾಪತ್ರಗಳು, ದಿನಪತ್ರಿಕೆಗಳು, ಇವುಗಳಲ್ಲಿ ಯಾವುದರ ಮಾತು ಬಂದರೂ ಈ ಕೂಗು ಏಳುತ್ತದೆ. ಅದಕ್ಕೆ ಕಾರಣವಿಲ್ಲವೆಂದು ನಾವು ಹೇಳುವವರಲ್ಲ. ಆದರೆ ರೋಗವುಂಟೆಂದು ಎಲ್ಲರೂ ಒಪ್ಪಿದ ಮಾತ್ರಕ್ಕೆ ಕೈಗೆ ಸಿಕ್ಕಿದ ಮದ್ದೆಲ್ಲವೂ ಮದ್ದಾಗಲಾರದು. ವಾಕ್ಯಗಳನ್ನು ಮೊಟಕುಮಾಡಿರಿ, ಸಂಸ್ಕೃತಪದಗಳನ್ನು ಕಿತ್ತುಹಾಕಿರಿ, ಇಷ್ಟಾದರೆ ಗದ್ಯವು ತಾನಾಗಿ ತಿಳಿಯಾಗುವುದು ಎಂಬುದೇ ಈಗ ಎಲ್ಲೆಲ್ಲಿಯೂ ಬರೆದುಕೊಡುತ್ತಿರುವ ಮದ್ದು. ಇದನ್ನು ಬರೆದುಕೊಡುವ ವೈದ್ಯರು ರೋಗಿಯ ನಾಡಿಯನ್ನೇ ಹಿಡಿದು ನೋಡಿಲ್ಲವೆಂಬುದು ನಮ್ಮ ಆಕ್ಷೇಪಣೆ. ಒಂದಕ್ಕೊಂದು ಸೇರಬೇಕಾದ ಪದಗಳ ನಡುವಣ ದೂರದಲ್ಲಿಯೂ ಆ ದೂರವನ್ನು ತುಂಬಿಕೊಂಡ ಸರಕಿನಲ್ಲಿಯೂ ವಾಕ್ಯದ ಕಾಠಿನ್ಯವು ಅಡಗಿರುತ್ತದೆ. ಅದನ್ನು ಎಣಿಸಬಹುದು, ಎಣಿಸಲೂಬೇಕು. ಆದರೆ ಎಣಿಸುವ ಕೋಲು ಕನ್ನಡದ ಮೈಕಟ್ಟನ್ನು ಅರಿತುದಾಗಿರಬೇಕು.

ಮೊದಲು ಒಂದು ವಾಕ್ಯವನ್ನು ನೋಡೋಣ. ಇದು ಯಾವ ಕಚೇರಿಯಿಂದಲೂ ತಂದುದಲ್ಲ, ನಾವೇ ಕಟ್ಟಿದುದು. ಆದರೂ ಇದರ ಬಂಧುಬಳಗವನ್ನು ಕಾಣದ ವಾಚಕರು ನಮ್ಮಲ್ಲಿ ವಿರಳ. “ಹದಿನೈದು ದಿನಗಳೊಳಗೆ ತಹಶೀಲ್ದಾರರು ನೀಡಿದ ಪತ್ರವನ್ನು ಅರ್ಜಿದಾರರು ಸಲ್ಲಿಸತಕ್ಕದ್ದು.” ಏಳೇ ಪದಗಳು. ಮೊಟಕುವಾಕ್ಯದ ಪಕ್ಷದವರು ಇದಕ್ಕಿಂತ ಮೊಟಕಾದುದನ್ನು ಕೇಳಲಾರರು. ಹಳ್ಳಿಗನಿಗೆ ತಿಳಿಯದ ಪದವೊಂದೂ ಇದರಲ್ಲಿಲ್ಲ. ಆದರೆ ಹದಿನೈದು ದಿನಗಳ ಗಡುವು ಯಾರಿಗೆ? ಪತ್ರವನ್ನು ನೀಡುವ ತಹಶೀಲ್ದಾರರಿಗೋ, ಸಲ್ಲಿಸುವ ಅರ್ಜಿದಾರರಿಗೋ? ‘ದಿನಗಳೊಳಗೆ’ ಎಂಬುದು ಎರಡನೆಯ ಪದ. ‘ನೀಡಿದ’ ಎಂಬುದು ನಾಲ್ಕನೆಯದು. ‘ಸಲ್ಲಿಸತಕ್ಕದ್ದು’ ಎಂಬುದು ಏಳನೆಯದು. ಬರೆದವರ ಮನಸ್ಸಿನಲ್ಲಿದ್ದ ಅನ್ವಯವು ೫ ಹೆಜ್ಜೆಗಳ ದೂರದ್ದು. ಓದುವವರ ಮನಸ್ಸು ತಟ್ಟನೆ ಹಿಡಿಯುವ ಅನ್ವಯವು ೨ ಹೆಜ್ಜೆಗಳದ್ದು. ಗಡುವು ತನಗಲ್ಲವೆಂದು ಸುಮ್ಮನೆ ಕುಳಿತ ಅರ್ಜಿದಾರನು ಹದಿನಾರನೆಯ ದಿನ ಕಚೇರಿಯ ಬಾಗಿಲಿಗೆ ಹೋದರೆ ಅವನಿಗಾಗುವ ನಷ್ಟವು ವ್ಯಾಕರಣದ ನಷ್ಟವಲ್ಲ. ಅದೇ ಏಳು ಪದಗಳನ್ನು ಸ್ಥಾನ ಬದಲಿಸಿ “ತಹಶೀಲ್ದಾರರು ನೀಡಿದ ಪತ್ರವನ್ನು ಅರ್ಜಿದಾರರು ಹದಿನೈದು ದಿನಗಳೊಳಗೆ ಸಲ್ಲಿಸತಕ್ಕದ್ದು” ಎಂದು ಬರೆದರೆ ದೂರವು ೧ಕ್ಕೆ ಇಳಿಯುತ್ತದೆ, ಸಂದೇಹವು ಅಳಿಯುತ್ತದೆ. ಪದ ಹೆಚ್ಚಲಿಲ್ಲ, ಕಡಮೆಯಾಗಲಿಲ್ಲ. ಉದ್ದವನ್ನಳೆಯುವ ಕೋಲಿಗೆ ಈ ಎರಡು ವಾಕ್ಯಗಳೂ ಒಂದೇ!

ಉದ್ದವನ್ನಳೆಯುವ ಪದ್ಧತಿಯು ನಮ್ಮಲ್ಲಿ ಹುಟ್ಟಿದುದಲ್ಲ. ಅಮೆರಿಕದ ಷರ್ಮನ್ ಎಂಬ ಅಧ್ಯಾಪಕರು ೧೮೯೩ರಲ್ಲಿ ಇಂಗ್ಲಿಷ್ ಗದ್ಯಕಾರರ ವಾಕ್ಯಗಳಲ್ಲಿ ಪದಗಳನ್ನೆಣಿಸಿ, ಕಾಲ ಕಳೆದಂತೆ ವಾಕ್ಯಗಳು ಗಿಡ್ಡವಾಗುತ್ತ ಬಂದಿವೆಯೆಂದು ತೋರಿಸಿದರು. ೧೯೪೮ರಲ್ಲಿ ರುಡಾಲ್ಫ್ ಫ್ಲೆಷ್ ಎಂಬವರು, ವಾಕ್ಯಕ್ಕೆ ಎಷ್ಟು ಪದಗಳು, ನೂರು ಪದಗಳಿಗೆ ಎಷ್ಟು ಉಚ್ಚಾರಾಂಶಗಳು ಎಂಬ ಎರಡು ಎಣಿಕೆಗಳಿಂದ ಗದ್ಯದ ಸುಲಭತೆಗೆ ಒಂದು ಸೂತ್ರವನ್ನು ಕಟ್ಟಿದರು. ಅವರು ಕಟ್ಟಿದುದು ಇಂಗ್ಲಿಷಿಗಾಗಿ. ಅಲ್ಲಿ ಅದು ತಕ್ಕಮಟ್ಟಿಗೆ ಕೆಲಸಮಾಡಿತು. ಅದೇ ಸೂತ್ರವನ್ನು ಕನ್ನಡಕ್ಕೆ ಹಚ್ಚಿದರೆ ಗತಿಯೇನು? ‘ಬರದಿದ್ದುದರಿಂದ’ ಎಂಬುದು ನಮಗೆ ಒಂದು ಪದ, ಏಳು ಅಕ್ಷರ. ಇದನ್ನೇ ಇಂಗ್ಲಿಷಿನಲ್ಲಿ ಹೇಳಲು ಐದು ಸಣ್ಣ ಪದಗಳು ಬೇಕು. ಆ ಸೂತ್ರದ ಕಣ್ಣಿಗೆ ನಮ್ಮ ಅಜ್ಜಿಯಂದಿರ ಮಾತೂ ಪಂಡಿತರ ಶಾಸ್ತ್ರಗ್ರಂಥದಂತೆ ಕಂಡೀತು. ಪ್ರತ್ಯಯಗಳಿಂದ ಬೆಳೆಯುವ ನುಡಿಯನ್ನು ಬಿಡಿಪದಗಳಿಂದ ಬೆಳೆಯುವ ನುಡಿಯ ಸೇರಿನಿಂದ ಅಳೆದರೆ ಬರುವ ಫಲ ಇದೇ.

ಇದಕ್ಕಿಂತ ಎಷ್ಟೋ ಮೇಲಾದುದು ಪದಗಳ ದೂರವನ್ನಳೆಯುವ ಪದ್ಧತಿ. ಅದರ ಬುನಾದಿಯು ಫ್ರಾನ್ಸಿನ ಲ್ಯೂಸಿಯಾಂ ತೆನಿಯೇರ್ ಅವರದು. ೧೯೫೪ರಲ್ಲಿ ತೀರಿಕೊಂಡ ಈ ಪಂಡಿತರ ಮಹಾಗ್ರಂಥವು ೧೯೫೯ರಲ್ಲಿ ಪ್ರಕಟವಾಯಿತು. ವಾಕ್ಯವೆಂಬುದು ಪದಗಳ ಸಾಲಲ್ಲ, ಒಂದು ಪದವು ಇನ್ನೊಂದನ್ನು ಆಶ್ರಯಿಸಿಕೊಂಡಿರುವ ಸಂಬಂಧಗಳ ಮರ. ಅದರ ಬುಡದಲ್ಲಿರುವುದು ಕ್ರಿಯಾಪದ ಎಂಬುದು ಅವರ ಮತದ ತಿರುಳು. ಕಾರಕಗಳೆಲ್ಲವೂ ಕ್ರಿಯೆಯನ್ನೇ ಆಶ್ರಯಿಸಿವೆಯೆಂದು ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಇದು ಅಪರಿಚಿತವಾದ ಮಾತಲ್ಲ. ೧೯೯೫ರಲ್ಲಿ ಇಂಗ್ಲೆಂಡಿನ ರಿಚರ್ಡ್ ಹಡ್ಸನ್ ಅವರು ಆಶ್ರಿತಪದಕ್ಕೂ ಆಶ್ರಯಪದಕ್ಕೂ ನಡುವಣ ದೂರವನ್ನೇ ವಾಕ್ಯಕಾಠಿನ್ಯದ ಅಳತೆಯಾಗಿ ಮಾಡಿದರು. ೨೦೦೮ರಲ್ಲಿ ಚೀನದ ಹೈತಾವೊ ಲಿಯು ಅವರು ೨೦ ಭಾಷೆಗಳ ವಾಕ್ಯಗಳನ್ನು ಹೀಗೆ ಅಳೆದು, ಸರಾಸರಿ ದೂರವು ಯಾವುದರಲ್ಲಿಯೂ ೪ನ್ನು ಮೀರುವುದಿಲ್ಲವೆಂದು ಕಂಡರು. ೨೦೧೫ರಲ್ಲಿ ಫುಟ್ರೆಲ್, ಮಹೊವಾಲ್ಡ್, ಗಿಬ್ಸನ್ ಎಂಬ ಮೂವರು ೩೭ ಭಾಷೆಗಳನ್ನು ಪರೀಕ್ಷಿಸಿದರು. ಪದಗಳನ್ನು ಮನಬಂದಂತೆ ಜೋಡಿಸಿದರೆ ಬರುವ ದೂರಕ್ಕಿಂತ ಜನರು ನಿಜವಾಗಿ ಬಳಸುವ ದೂರವು ಎಲ್ಲ ಭಾಷೆಗಳಲ್ಲಿಯೂ ಕಡಮೆಯೆಂದು ಅವರಿಗೆ ಕಂಡಿತು. ಮನುಷ್ಯನ ಧಾರಣಶಕ್ತಿಯು ಎಲ್ಲಿಯೂ ಮಿತವಾದುದು. ಹಿಡಿದುಕೊಂಡ ಪದವನ್ನು ಬೇಗನೆ ಅದರ ಜೊತೆಗೆ ಸೇರಿಸಿ ಕೈ ಬರಿದುಮಾಡಿಕೊಳ್ಳುವುದು ಎಲ್ಲರಿಗೂ ಸುಖ.

ಎಣಿಸುವ ರೀತಿ ಬಹು ಸರಳ. ಪದಗಳಿಗೆ ಕ್ರಮವಾಗಿ ಅಂಕಿ ಹಾಕಬೇಕು; ಪ್ರತಿಯೊಂದು ಪದವೂ ಯಾವುದನ್ನು ಆಶ್ರಯಿಸಿದೆಯೆಂದು ಗುರುತಿಸಬೇಕು; ಎರಡರ ಅಂಕಿಗಳ ಅಂತರವೇ ದೂರ. “ರೈತನು ತನ್ನ ಹೊಲದಲ್ಲಿ ಬೆಳೆದ ಜೋಳವನ್ನು ಸಂತೆಯಲ್ಲಿ ಮಾರಿದನು” ಎಂಬಲ್ಲಿ ‘ರೈತನು’ ಎಂಬುದರಿಂದ ‘ಮಾರಿದನು’ ಎಂಬುದಕ್ಕೆ ೬, ‘ಜೋಳವನ್ನು’ ಎಂಬುದರಿಂದ ಅದಕ್ಕೆ ೨, ಉಳಿದ ನಾಲ್ಕು ಸಂಬಂಧಗಳಿಗೆ ಒಂದೊಂದು, ಒಟ್ಟು ೧೨. “ತನ್ನ ಹೊಲದಲ್ಲಿ ಬೆಳೆದ ಜೋಳವನ್ನು ರೈತನು ಸಂತೆಯಲ್ಲಿ ಮಾರಿದನು” ಎಂದರೆ ಒಟ್ಟು ೯. ಅದೇ ಪದಗಳು, ಅದೇ ಅರ್ಥ. ಹೊರೆ ಮಾತ್ರ ಕಾಲುಭಾಗದಷ್ಟು ಇಳಿಯಿತು.

ಇಲ್ಲಿ ಕೆಲವರು ಎದ್ದುನಿಂತು, ಇದೆಲ್ಲವೂ ನಮ್ಮವರಿಗೆ ಎಂದೋ ಗೊತ್ತಿತ್ತು ಎಂದು ಹೇಳುವರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ವಾಕ್ಯಾರ್ಥವು ಹುಟ್ಟಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿದರು. ಒಂದು ಪದವು ಇನ್ನೊಂದನ್ನು ಬಯಸುವುದು ಆಕಾಂಕ್ಷೆ. ಎರಡರ ಅರ್ಥಗಳೂ ಕೂಡಲು ತಕ್ಕವಾಗಿರುವುದು ಯೋಗ್ಯತೆ. ಅವು ಹತ್ತಿರದಲ್ಲಿರುವುದು ಸನ್ನಿಧಿ. ತರ್ಕಸಂಗ್ರಹದ ಅನ್ನಂಭಟ್ಟನು ಸನ್ನಿಧಿಯನ್ನು ವಿಳಂಬವಿಲ್ಲದ ಉಚ್ಚಾರಣೆಯೆಂದು ವಿವರಿಸಿ, ಜಾವಕ್ಕೊಂದು ಪದವನ್ನು ನುಡಿದರೆ ಅರ್ಥವಾಗದೆಂದನು. ವಿಶ್ವನಾಥನ ಮುಕ್ತಾವಳಿಯ ಉದಾಹರಣೆಯು ಇನ್ನೂ ಸೊಗಸು: ಬೆಟ್ಟದಲ್ಲಿ ಬೆಂಕಿಯಿದೆಯೆಂಬ ಮಾತಿನ ಪದಗಳನ್ನೂ ದೇವದತ್ತನು ಉಂಡನೆಂಬ ಮಾತಿನ ಪದಗಳನ್ನೂ ಒಂದರೊಳಗೊಂದು ಹೆಣೆದುಬಿಟ್ಟರೆ ಸನ್ನಿಧಿಯು ಕೆಡುತ್ತದೆ. ಕಾವ್ಯಪಾಠದಲ್ಲಿ ಕುಳಿತವರೆಲ್ಲರೂ ದೂರಾನ್ವಯವೆಂಬ ಶಬ್ದವನ್ನು ಕೇಳಿಯೇ ಇರುತ್ತಾರೆ. ಇದೆಲ್ಲವೂ ನಿಜ. ಆದರೆ ನಮ್ಮವರು ದೋಷಕ್ಕೆ ಹೆಸರಿಟ್ಟರು, ಅದನ್ನು ಎಣಿಸಲಿಲ್ಲ. ಹೆಸರು ಗೊತ್ತಿದ್ದೂ ಎಣಿಸದೆ ಕುಳಿತವರು, ಎಣಿಸಿದವರನ್ನು ಕಂಡು ಮೀಸೆ ತಿರುವುವುದು ನಗೆಪಾಟಲಿನ ಸಂಗತಿ. ಅತ್ತ ಎಣಿಸಿದವರ ಅನುಯಾಯಿಗಳಿಗೂ ಒಂದು ಮಾತನ್ನು ಹೇಳಬೇಕಾಗಿದೆ: ಮೂರರಲ್ಲಿ ಸನ್ನಿಧಿಯೊಂದನ್ನೇ ಹಿಡಿದು, ಆಕಾಂಕ್ಷೆಯನ್ನು ಕೈಬಿಟ್ಟರೆ ಲೆಕ್ಕವು ಕುಂಟುತ್ತದೆ. ಅದನ್ನು ಮುಂದೆ ತೋರಿಸುತ್ತೇವೆ.

ಅದಕ್ಕೆ ಮೊದಲು ನಮ್ಮ ಗದ್ಯಕ್ಕೆ ಈ ರೋಗವು ಎಲ್ಲಿಂದ ತಗುಲಿತೆಂಬುದನ್ನು ನೋಡಬೇಕು. “ಜಿಲ್ಲಾಧಿಕಾರಿಗಳು ಕಳೆದ ವರ್ಷ ಮಳೆ ಬಾರದುದರಿಂದ ಬೆಳೆ ಕಳೆದುಕೊಂಡ ರೈತರು ಸಲ್ಲಿಸಿದ ಅರ್ಜಿಗಳನ್ನು ಪರಿಶೀಲಿಸಿ ಪರಿಹಾರವನ್ನು ಮಂಜೂರುಮಾಡಿದರು.” ಹದಿಮೂರು ಪದಗಳ ಈ ವಾಕ್ಯವೂ ನಮ್ಮದೇ, ಅಚ್ಚು ಮಾತ್ರ ಎರವಲು. ಇಂಗ್ಲಿಷಿನಲ್ಲಿ ಕರ್ತೃವು ಮೊದಲು ಬರುತ್ತದೆ, ಕ್ರಿಯಾಪದವು ಅದರ ಬೆನ್ನಿಗೇ ಬರುತ್ತದೆ. ಎಂಥ ಅರ್ಜಿ, ಯಾರ ಅರ್ಜಿ, ಯಾವಾಗಿನ ಮಳೆ ಎಂಬ ವಿವರಗಳೆಲ್ಲ ಆಮೇಲೆ ಬಾಲದಂತೆ ಹಿಂಬಾಲಿಸುತ್ತವೆ. ಆದುದರಿಂದ ಅಲ್ಲಿ ಕರ್ತೃವನ್ನು ಮೊದಲಿಟ್ಟರೆ ತೊಂದರೆಯಿಲ್ಲ. ಕನ್ನಡದಲ್ಲಿ ವಿಶೇಷಣಗಳೂ ಕೃದಂತಗಳೂ ನಾಮಪದಕ್ಕೆ ಮುಂಚೆ ಬರಬೇಕು, ಕ್ರಿಯಾಪದವು ಕೊನೆಗೆ ನಿಲ್ಲಬೇಕು. ಭಾಷಾಂತರಕಾರನು ಇಂಗ್ಲಿಷಿನ ಕರ್ತೃವನ್ನು ಅದಿದ್ದ ಸ್ಥಾನದಲ್ಲಿಯೇ ನೆಟ್ಟು, ಉಳಿದುದೆಲ್ಲವನ್ನೂ ಕನ್ನಡದ ಕಟ್ಟಳೆಯಂತೆ ಹಿಂದುಮುಂದುಮಾಡುತ್ತಾನೆ. ಆಗ ಪಾಪ, ಜಿಲ್ಲಾಧಿಕಾರಿಗಳು ಬಾಗಿಲಲ್ಲಿ ನಿಂತೇ ಇರುತ್ತಾರೆ. ಮಳೆ ಬಂದುಹೋಗದ ಕಥೆ, ಬೆಳೆ ಹೋದ ಕಥೆ, ಅರ್ಜಿ ಬಂದ ಕಥೆ ಎಲ್ಲವೂ ಅವರ ಮುಂದೆ ಮೆರವಣಿಗೆ ಹೋದ ಮೇಲೆ ಹನ್ನೆರಡನೆಯ ಹೆಜ್ಜೆಯಲ್ಲಿ ಅವರಿಗೆ ತಮ್ಮ ಕ್ರಿಯೆಯು ದೊರಕುತ್ತದೆ. ಒಟ್ಟು ದೂರ ೨೬. “ಕಳೆದ ವರ್ಷ ಮಳೆ ಬಾರದುದರಿಂದ ಬೆಳೆ ಕಳೆದುಕೊಂಡ ರೈತರು ಸಲ್ಲಿಸಿದ ಅರ್ಜಿಗಳನ್ನು ಪರಿಶೀಲಿಸಿ ಜಿಲ್ಲಾಧಿಕಾರಿಗಳು ಪರಿಹಾರವನ್ನು ಮಂಜೂರುಮಾಡಿದರು” ಎಂದರೆ ಒಟ್ಟು ೧೭. ವಾಕ್ಯವು ಮೊದಲಿನಷ್ಟೇ ಉದ್ದ. ಆದರೆ ಯಾರಾದರೂ ಓದಿ ಹೇಳಲಿ, ಕೇಳುವವನ ಕೈಯಲ್ಲಿ ಬಾಕಿ ಉಳಿಯುವುದು ಬಹಳ ಕಡಮೆ.

ಓದಿ ಹೇಳಲಿ ಎಂದೆವು. ಇದು ಅಲಂಕಾರದ ಮಾತಲ್ಲ. ೧೯೬೩ರ ರಾಜಭಾಷಾ ಅಧಿನಿಯಮವು ಕನ್ನಡವನ್ನು ಆಡಳಿತದ ಭಾಷೆಯನ್ನಾಗಿ ಮಾಡಿದುದು ಜನರಿಗೆ ಅರ್ಥವಾಗಲೆಂದು. ಪಂಚಾಯಿತಿಯ ಕಟ್ಟೆಯ ಮೇಲೆ ಒಬ್ಬನು ಗಟ್ಟಿಯಾಗಿ ಓದುತ್ತಾನೆ, ಹತ್ತು ಮಂದಿ ಕೇಳುತ್ತಾರೆ. ಓದುವವನ ಕಣ್ಣು ಬೇಕಾದರೆ ಹಿಂದಕ್ಕೆ ಹೋಗಿ ಕರ್ತೃವನ್ನು ಹುಡುಕಿ ಬರಬಹುದು. ಕೇಳುವವನ ಕಿವಿಗೆ ಹಿಂದಕ್ಕೆ ಹೋಗುವ ದಾರಿಯಿಲ್ಲ. ಕನ್ನಡದ ಹೆಸರಿನಲ್ಲಿ ಅವನ ಮುಂದೆ ಇಂಗ್ಲಿಷಿನ ಎಲುಬುಗೂಡನ್ನಿಟ್ಟು, ಇದು ನಿನ್ನ ನುಡಿ, ನಿನಗೇಕೆ ತಿಳಿಯದು ಎಂದು ಕೇಳುವುದು ಅನ್ಯಾಯ. ಕನ್ನಡದಲ್ಲಿ ಆಡಳಿತ ನಡೆಸುವುದು ಸಾಧ್ಯವೇ ಇಲ್ಲ ಎಂದು ಹೇಳುವವರಿಗೆ ಈ ಎಲುಬುಗೂಡುಗಳೇ ಸಾಕ್ಷಿಗಳಾಗಿ ದೊರೆಯುತ್ತವೆ.

ಇನ್ನು ಕೋಲನ್ನೇ ಪರೀಕ್ಷಿಸೋಣ. ದೂರವನ್ನಳೆಯುವ ಅನುಯಾಯಿಗಳು ಸಾಮಾನ್ಯವಾಗಿ ಸರಾಸರಿಯನ್ನು ತೆಗೆಯುತ್ತಾರೆ. ಮೇಲಿನ ಹದಿಮೂರು ಪದಗಳ ವಾಕ್ಯದಲ್ಲಿ ೧೨ ಸಂಬಂಧಗಳು, ಒಟ್ಟು ೨೬. ಸರಾಸರಿ ೨ಕ್ಕೆ ಸ್ವಲ್ಪ ಮೇಲೆ. ಲಿಯು ಅವರು ಕಂಡ ೪ರ ಮೇರೆಗೆ ಇದು ಎಷ್ಟೋ ಕೆಳಗಿದೆ. ಆದುದರಿಂದ ವಾಕ್ಯವು ಆರೋಗ್ಯವಾಗಿದೆಯೆಂದು ಸರಾಸರಿಯು ಸಾರುತ್ತದೆ. ರೋಗವಿರುವುದು ೧೨ ಹೆಜ್ಜೆಯ ಒಂದು ಸಂಬಂಧದಲ್ಲಿ. ಪಕ್ಕಪಕ್ಕದಲ್ಲಿ ನೆಮ್ಮದಿಯಾಗಿರುವ ಉಳಿದ ಸಂಬಂಧಗಳು ಅದನ್ನು ಮುಚ್ಚಿಹಾಕುತ್ತವೆ. ಒಂದು ಊರಿನ ಬಾವಿಗಳ ಸರಾಸರಿ ಆಳವು ಮೊಳಕಾಲುದ್ದವೆಂದು ಕೇಳಿ ಇಳಿದವನ ಪಾಡೇ ಈ ಸರಾಸರಿಯನ್ನು ನಂಬಿದವನ ಪಾಡು. ಕ್ರಿಯಾಪದವು ಕೊನೆಗೆ ಬರುವ ನುಡಿಯಲ್ಲಿ ಸರಾಸರಿಗಿಂತ ಅತ್ಯಂತ ದೂರದ ಸಂಬಂಧವನ್ನು ನೋಡುವುದೇ ವಿವೇಕ.

ಇದಕ್ಕಿಂತಲೂ ದೊಡ್ಡ ತೂತು ಇನ್ನೊಂದಿದೆ. ಪದಗಳನ್ನು ಎಣಿಸುವವರು ಪದವೆಂದರೆ ಏನೆಂದು ಮೊದಲು ಹೇಳಬೇಕು. “ಜಿಲ್ಲಾಧಿಕಾರಿಗಳು ಅನಾವೃಷ್ಟಿಪೀಡಿತಕೃಷಿಕವಿಜ್ಞಾಪನಪತ್ರಗಳನ್ನು ಪರಿಶೀಲಿಸಿ ಪರಿಹಾರವನ್ನು ಮಂಜೂರುಮಾಡಿದರು.” ಈಗ ಐದೇ ಪದಗಳು, ಒಟ್ಟು ದೂರ ೮, ಅತ್ಯಂತ ದೂರದ ಸಂಬಂಧವೂ ೪ನ್ನು ಮೀರಲಿಲ್ಲ. ಅಳತೆಯವರ ತಕ್ಕಡಿಯಲ್ಲಿ ಇದು ಹತ್ತಿಯಷ್ಟು ಹಗುರ! ಸಮಾಸದ ಹೊಟ್ಟೆಯೊಳಗೆ ನುಂಗಿಹೋದ ಸಂಬಂಧಗಳನ್ನು ಕೋಲು ಕಾಣಲಾರದು. ಅದನ್ನು ಬಿಡಿಸುವ ಕಷ್ಟವೆಲ್ಲ ಓದುವವನದು. ಈ ಲೆಕ್ಕದಂತೆ ಹೋದರೆ ಚಂಪೂಕಾವ್ಯಗಳ ದೀರ್ಘಸಮಾಸಗಳ ಗದ್ಯವು ಜನಪದಕಥೆಗಿಂತ ಸುಲಭವಾಗಬೇಕು. ಅಚ್ಚುಕೂಟದವನು ಎರಡು ಪದಗಳ ನಡುವೆ ಜಾಗ ಬಿಟ್ಟರೆ ಒಂದು ಲೆಕ್ಕ, ಬಿಡದಿದ್ದರೆ ಇನ್ನೊಂದು ಲೆಕ್ಕ ಎಂಬುದು ಶಾಸ್ತ್ರಕ್ಕೆ ಶೋಭೆಯಲ್ಲ. ಕನ್ನಡದಲ್ಲಿ ದೂರವನ್ನೆಣಿಸುವವರು ಸಮಾಸವನ್ನು ವಿಗ್ರಹಿಸಿ, ಅದರ ಅವಯವಗಳನ್ನು ಬೇರೆಬೇರೆಯಾಗಿಯೇ ಎಣಿಸಬೇಕು. ಸಂಸ್ಕೃತಪದಗಳನ್ನು ಕಿತ್ತುಹಾಕಬೇಕೆನ್ನುವವರ ಕೂಗಿನಲ್ಲಿ ನ್ಯಾಯವಾದ ಅಂಶವಿರುವುದು ಇಲ್ಲಿ, ಇಷ್ಟೇ. ‘ಪರಿಹಾರ’, ‘ಅಧಿಕಾರಿ’ ಎಂಬ ಪದಗಳು ಯಾರನ್ನೂ ತಡೆಯುವುದಿಲ್ಲ. ಐದು ಪದಗಳನ್ನು ಒಂದಕ್ಕೊಂದು ಬೆಸೆದ ಸಂಕೋಲೆಯು ತಡೆಯುತ್ತದೆ.

ಈಗ ಆಕಾಂಕ್ಷೆಯ ವಿಚಾರ. ೧೯೬೦ರಲ್ಲಿ ಅಮೆರಿಕದ ವಿಕ್ಟರ್ ಇಂಗ್ವೆ ಎಂಬವರು ವಾಕ್ಯದ ಆಳವನ್ನು ಕುರಿತು ಒಂದು ಸಿದ್ಧಾಂತವನ್ನು ಹೂಡಿದರು. ವಿವರಗಳನ್ನು ಮುಖ್ಯಪದಕ್ಕೆ ಮುಂಚೆ ಪೇರಿಸುತ್ತ ಹೋದರೆ ನೆನಪಿನ ಮೇಲೆ ಭಾರ ಹೆಚ್ಚುವುದೆಂದು ಅದರ ತಾತ್ಪರ್ಯ. ಹಾಗಾದರೆ ಜಪಾನೀ, ತುರ್ಕಿ, ನಮ್ಮ ದ್ರಾವಿಡ ನುಡಿಗಳು, ಇವೆಲ್ಲವನ್ನೂ ಆಡುವವರು ಹುಟ್ಟಿನಿಂದಲೇ ಹೊರೆ ಹೊತ್ತವರಾಗಬೇಕಾಯಿತು. ಮೇಲೆ ಹೇಳಿದ ೨೦೧೫ರ ಪರೀಕ್ಷೆಯಲ್ಲಿಯೂ ಜಪಾನೀ, ಕೊರಿಯನ್, ತುರ್ಕಿ ಮೊದಲಾದ ಕ್ರಿಯಾಂತ್ಯಭಾಷೆಗಳಲ್ಲಿ ದೂರವು ಉಳಿದವುಗಳಷ್ಟು ತಗ್ಗಿರಲಿಲ್ಲ. ಆ ಪಟ್ಟಿಯಲ್ಲಿ ತಮಿಳೂ ತೆಲುಗೂ ಇದ್ದುವು, ಕನ್ನಡವಿರಲಿಲ್ಲ. ಇದನ್ನು ಕೇಳಿದೊಡನೆ, ನೋಡಿದಿರಾ, ನಮ್ಮ ನುಡಿಯ ಕಟ್ಟೇ ತೊಡಕಿನದು, ವಿಜ್ಞಾನವನ್ನೂ ನ್ಯಾಯವನ್ನೂ ಇದರಲ್ಲಿ ಹೇಗೆ ಬರೆಯುವುದು ಎಂದು ಕೈಚೆಲ್ಲುವವರು ನಮ್ಮೊಳಗೇ ಉಂಟು. ಅವರು ದಯವಿಟ್ಟು ಇನ್ನೆರಡು ವಾಕ್ಯಗಳನ್ನು ಕೇಳಬೇಕು.

“ಅಜ್ಜಿಯು ನಿನ್ನೆ ರಾತ್ರಿ ಮೊಮ್ಮಗನಿಗೆ ಕಾಗೆಯ ಕಥೆಯನ್ನು ಹೇಳಿದಳು.” ಇದು ಒಂದು. “ಅಜ್ಜಿಯು ಮೊಮ್ಮಗನು ತಂದೆಯು ಕೊಡಿಸಿದ ಬಳಪವನ್ನು ಒಡೆದುದನ್ನು ಕಂಡಳು.” ಇದು ಇನ್ನೊಂದು. ಎರಡರಲ್ಲಿಯೂ ಏಳೇಳು ಪದಗಳು. ಎರಡರಲ್ಲಿಯೂ ಅಜ್ಜಿಗೂ ಅವಳ ಕ್ರಿಯೆಗೂ ಆರೇ ಹೆಜ್ಜೆ. ಮೊದಲನೆಯದು ಮೂರು ವರ್ಷದ ಮಗುವಿಗೂ ತಿಳಿಯುತ್ತದೆ; ಎರಡನೆಯದನ್ನು ಓದುವಾಗ ದೊಡ್ಡವರೂ ಒಮ್ಮೆ ಎಡವುತ್ತಾರೆ. ಒಟ್ಟು ದೂರವನ್ನು ಎಣಿಸಿದರೋ, ಮೊದಲನೆಯದಕ್ಕೆ ೧೬, ಎರಡನೆಯದಕ್ಕೆ ೧೪! ಸುಲಭವಾದ ವಾಕ್ಯವೇ ಕಠಿನವೆಂದು ಕೋಲು ತೀರ್ಪುಕೊಟ್ಟಿತು.

ಕಾರಣವು ಆಕಾಂಕ್ಷೆಯಲ್ಲಿದೆ. ಮೊದಲನೆಯ ವಾಕ್ಯದಲ್ಲಿ ‘ಮೊಮ್ಮಗನಿಗೆ’ ಎಂಬ ಚತುರ್ಥಿಯೂ ‘ಕಥೆಯನ್ನು’ ಎಂಬ ದ್ವಿತೀಯೆಯೂ ಬರಬರುತ್ತಲೇ ಬರ‌ಲಿರುವ ಕ್ರಿಯೆಯನ್ನು ಬೊಟ್ಟುಮಾಡಿ ತೋರಿಸುತ್ತವೆ. ‘ಹೇಳಿದಳು’ ಎಂಬುದು ಬಾಯಿಂದ ಬರುವುದರೊಳಗಾಗಿ ಕೇಳುವವನ ಮನಸ್ಸು ಅಲ್ಲಿ ಹೋಗಿ ಕುಳಿತಿರುತ್ತದೆ. ನಡುವಣ ಪದಗಳು ಹೊರೆಯಾಗುವುದಕ್ಕೆ ಬದಲು ದಾರಿದೀಪಗಳಾಗುತ್ತವೆ. ಎರಡನೆಯದರಲ್ಲಿ ಅಜ್ಜಿ, ಮೊಮ್ಮಗ, ತಂದೆ, ಮೂವರೂ ಪ್ರಥಮಾವಿಭಕ್ತಿಯ ಒಂದೇ ಉಡುಗೆ ತೊಟ್ಟು ಸಾಲಾಗಿ ನಿಂತು ತಮ್ಮತಮ್ಮ ಕ್ರಿಯೆಗಳಿಗೆ ಕಾಯುತ್ತಾರೆ. ಯಾರ ಕ್ರಿಯೆ ಯಾವುದೆಂದು ಕೇಳುವವನು ಹಂಚಿಕೊಡಬೇಕು.

ಇದು ನಮ್ಮ ಊಹೆ ಮಾತ್ರವಲ್ಲ. ೨೦೦೦ದಲ್ಲಿ ಕೊನೀಚ್ನಿ ಎಂಬವರು ಜರ್ಮನ್ ಭಾಷೆಯಲ್ಲಿ ಪರೀಕ್ಷಿಸಿ, ಕೊನೆಯಲ್ಲಿ ಬರುವ ಕ್ರಿಯಾಪದಕ್ಕೆ ಮುಂಚೆ ಹೆಚ್ಚು ಪದಗಳಿದ್ದಾಗ ಓದುವವರು ಆ ಕ್ರಿಯಾಪದವನ್ನು ಇನ್ನೂ ಬೇಗನೆ ಓದಿದರೆಂದು ಕಂಡರು. ೨೦೦೬ರಲ್ಲಿ ಶ್ರವಣ ವಾಸಿಷ್ಠ್ ಮತ್ತು ರಿಚರ್ಡ್ ಲೂಯಿಸ್ ಅವರು ಹಿಂದಿಯಲ್ಲಿಯೂ ಇಂಥ ಫಲವನ್ನೇ ಪಡೆದರು. ದೂರವು ಬೆಳೆದಾಗ ಕಷ್ಟವು ಬೆಳೆಯಬೇಕೆಂಬ ನಿಯಮಕ್ಕೆ ಇವು ನೇರವಾಗಿ ವಿರುದ್ಧ. ಮೂಲಪುರುಷರಲ್ಲಿ ಒಬ್ಬರಾದ ಎಡ್ವರ್ಡ್ ಗಿಬ್ಸನ್ ಅವರಾದರೂ ೧೯೯೮ರ ತಮ್ಮ ಸಿದ್ಧಾಂತದಲ್ಲಿ ನಡುವಣ ಪದಗಳನ್ನೆಲ್ಲ ಎಣಿಸಲಿಲ್ಲ. ಮಾತಿನೊಳಗೆ ಹೊಸದಾಗಿ ಪ್ರವೇಶಿಸುವ ವ್ಯಕ್ತಿ, ವಸ್ತು, ಘಟನೆಗಳನ್ನು ಮಾತ್ರ ಎಣಿಸಿದರು. ಗುರುಗಳಿಗಿದ್ದ ಎಚ್ಚರವು ಶಿಷ್ಯರಿಗೂ ಶಿಷ್ಯರ ಗಣಕಯಂತ್ರಗಳಿಗೂ ಇಲ್ಲ. ಯಂತ್ರಕ್ಕೆ ಅಂತರವನ್ನು ಕಳೆಯುವುದು ಸುಲಭ. ಆದುದರಿಂದ ಅಂತರವೇ ತತ್ತ್ವವಾಗಿ ಕುಳಿತಿತು.

ನಮ್ಮ ಅಭಿಪ್ರಾಯದಲ್ಲಿ ಕನ್ನಡಕ್ಕೆ ತಕ್ಕ ಎಣಿಕೆಯು ಹೀಗಿರಬೇಕು: ಪ್ರತಿಯೊಂದು ಕರ್ತೃಪದವನ್ನೂ ಅದರ ಕ್ರಿಯಾಪದವನ್ನೂ ಗುರುತಿಸಿ, ಅವೆರಡರ ನಡುವೆ ಎಷ್ಟು ಅನ್ಯಕರ್ತೃಗಳು, ಎಷ್ಟು ಅನ್ಯಕ್ರಿಯೆಗಳು ಹೊಕ್ಕಿವೆಯೆಂದು ನೋಡಬೇಕು. ಕಥೆ ಹೇಳಿದ ಅಜ್ಜಿಯ ನಡುವೆ ಸೊನ್ನೆ. ಬಳಪ ಒಡೆದುದನ್ನು ಕಂಡ ಅಜ್ಜಿಯ ನಡುವೆ ಎರಡು ಕರ್ತೃ, ಎರಡು ಕ್ರಿಯೆ. ಬಾಗಿಲಲ್ಲಿ ನಿಂತ ಜಿಲ್ಲಾಧಿಕಾರಿಗಳ ನಡುವೆ ಮಳೆ, ರೈತರು ಎಂಬ ಎರಡು ಕರ್ತೃಗಳು. ಬಾರದಿರುವುದು, ಕಳೆದುಕೊಳ್ಳುವುದು, ಸಲ್ಲಿಸುವುದು ಎಂಬ ಮೂರು ಕ್ರಿಯೆಗಳು. ಗಡುವು, ಸ್ಥಳ ಮೊದಲಾದ ಪದಗಳ ವಿಷಯದಲ್ಲಿ, ಅವಕ್ಕೂ ಅವುಗಳ ಕ್ರಿಯೆಗೂ ನಡುವೆ ಅವನ್ನು ಕದಿಯಬಲ್ಲ ಇನ್ನೊಂದು ಕ್ರಿಯೆಯಿದೆಯೋ ಎಂದು ನೋಡಬೇಕು. ತಹಶೀಲ್ದಾರರ ‘ನೀಡಿದ’ ಎಂಬುದು ಅಂಥ ಕಳ್ಳ.

ಮೊಟಕುವಾಕ್ಯದವರು ಇಷ್ಟಕ್ಕೂ ಸುಮ್ಮನಾಗರು. ಇಷ್ಟು ಲೆಕ್ಕವೇಕೆ, ಹದಿಮೂರು ಪದಗಳನ್ನು ಐದು ತುಂಡು ಮಾಡಿ ಬರೆದರೆ ತೀರಿತು ಎನ್ನುವರು. ಒಳ್ಳೆಯದು, ತುಂಡುಮಾಡೋಣ. “ಕಳೆದ ವರ್ಷ ಮಳೆ ಬರಲಿಲ್ಲ. ರೈತರು ಬೆಳೆ ಕಳೆದುಕೊಂಡರು. ಅವರು ಅರ್ಜಿಗಳನ್ನು ಸಲ್ಲಿಸಿದರು. ಜಿಲ್ಲಾಧಿಕಾರಿಗಳು ಅವುಗಳನ್ನು ಪರಿಶೀಲಿಸಿದರು. ಅವರು ಪರಿಹಾರವನ್ನು ಮಂಜೂರುಮಾಡಿದರು.” ಮಳೆ ಬಾರದಿದ್ದುದಕ್ಕೂ ಬೆಳೆ ಹೋದುದಕ್ಕೂ ಇದ್ದ ಕಾರ್ಯಕಾರಣಸಂಬಂಧವು ಎಲ್ಲಿ ಹೋಯಿತು? ‘ಬಾರದುದರಿಂದ’ ಎಂಬುದರ ತೃತೀಯೆಯನ್ನು ಪೂರ್ಣವಿರಾಮವು ನುಂಗಿತು. ಮೊದಲಿನ ವಾಕ್ಯದಲ್ಲಿ ಬೆಳೆ ಕಳೆದುಕೊಂಡ ರೈತರು ಮಾತ್ರ ಇದ್ದರು. ಈಗ ರೈತರೆಲ್ಲರೂ ಬೆಳೆ ಕಳೆದುಕೊಂಡಂತಾಯಿತು. ಕೊನೆಯ ‘ಅವರು’ ಯಾರು, ಅಧಿಕಾರಿಗಳೋ ರೈತರೋ? ದೂರವು ಇಲ್ಲವಾಗಲಿಲ್ಲ; ವಾಕ್ಯದೊಳಗಿದ್ದುದು ವಾಕ್ಯಗಳ ನಡುವೆ ಹೋಗಿ, ಸರ್ವನಾಮದ ಮುಸುಕು ಹಾಕಿಕೊಂಡು, ಎಣಿಸುವವರ ಕಣ್ಣಿಗೆ ಬೀಳದಂತಾಯಿತು. ಪರಿಹಾರಕ್ಕೆ ಯಾರು ಅರ್ಹರೆಂಬ ಪ್ರಶ್ನೆಯು ನಾಳೆ ನ್ಯಾಯಾಲಯಕ್ಕೆ ಹೋದರೆ ಈ ಸುಲಭಗದ್ಯವು ಯಾರ ಪಕ್ಷದಲ್ಲಿ ಸಾಕ್ಷಿ ಹೇಳೀತು?

ಮಕ್ಕಳ ಪಠ್ಯಪುಸ್ತಕಗಳಲ್ಲಿ ಈ ತುಂಡುಗದ್ಯದ ಹಾವಳಿಯು ಇನ್ನೂ ಶೋಚನೀಯ. ಆದುದರಿಂದ, ಆದರೂ, ಒಂದು ವೇಳೆ, ಎಂಬ ಸಂಬಂಧಗಳನ್ನು ಒಂದೇ ಉಸಿರಿನಲ್ಲಿ ಹಿಡಿಯುವುದನ್ನು ಹುಡುಗನು ಎಂಟನೆಯ ತರಗತಿಯವರೆಗೂ ಕಲಿಯದಿದ್ದರೆ, ವಿಜ್ಞಾನದ ಒಂದು ನಿಯಮವನ್ನಾಗಲಿ ಕರಾರುಪತ್ರದ ಒಂದು ಷರತ್ತನ್ನಾಗಲಿ ಮುಂದೆ ಹೇಗೆ ಓದುವನು? ಉದ್ದವಾದರೂ ಸನ್ನಿಧಿ ಕೆಡದ ವಾಕ್ಯಗಳನ್ನು ಅವನ ಕೈಗೆ ಕೊಡಬೇಕು. ಕನ್ನಡದ ಕೃದಂತಗಳಿಗೆ ಅಂಥ ವಾಕ್ಯವನ್ನು ಕಟ್ಟುವ ಶಕ್ತಿಯಿದೆ. ಬಂದು, ಕಂಡು, ಕೇಳಿ, ತಿಳಿದು ಎಂದು ಒಬ್ಬನೇ ಕರ್ತೃವನ್ನು ಹಿಡಿದು ಎಷ್ಟು ದೂರ ನಡೆದರೂ ನಮ್ಮ ಕಥೆಗಾರ್ತಿಯರಿಗೆ ಆಯಾಸವಾಗಿಲ್ಲ, ಕೇಳುವ ಮಕ್ಕಳಿಗೂ ಆಗಿಲ್ಲ.

ಪದ್ಯದ ಮಾತನ್ನು ನಾವು ಎತ್ತಲಿಲ್ಲ. ಛಂದಸ್ಸೂ ಪ್ರಾಸವೂ ಕೇಳುವ ಸುಂಕಕ್ಕೆ ಕವಿಯು ಸನ್ನಿಧಿಯನ್ನು ತೆರುತ್ತಾನೆ; ವ್ಯಾಖ್ಯಾನಕಾರನು ಅನ್ವಯಮಾಡಿ ಅದನ್ನು ತೀರಿಸುತ್ತಾನೆ. ಆಜ್ಞಾಪತ್ರಕ್ಕೆ ವ್ಯಾಖ್ಯಾನಕಾರನಿಲ್ಲ.

ಕಚೇರಿಯಲ್ಲಿ ಭಾಷಾಂತರಮಾಡುವವರಿಗೆ ಇಷ್ಟೆಲ್ಲ ನೋಡಲು ಸಮಯವೆಲ್ಲಿ ಎಂದು ಕೊನೆಯದಾಗಿ ಕೇಳುವರು. ಒಂದು ಸೀಸದಕಡ್ಡಿಯೂ ಒಂದು ನಿಮಿಷವೂ ಸಾಕು. ಕೊನೆಯ ಕ್ರಿಯಾಪದದ ಕೆಳಗೆ ಒಂದು ಗೆರೆ, ಅದರ ಕರ್ತೃವಿನ ಕೆಳಗೆ ಒಂದು ಗೆರೆ. ನಡುವೆ ಇನ್ನೊಬ್ಬ ಕರ್ತೃವು ಕಂಡುಬಂದರೆ ಮೊದಲನೆಯವನನ್ನು ಎತ್ತಿ ಕ್ರಿಯಾಪದದ ಬಳಿಗೆ ತರಬೇಕು. ಜಮಾಖರ್ಚಿನ ಪುಸ್ತಕದಲ್ಲಿ ಪುಟಗಟ್ಟಲೆ ಅಂಕಿಗಳನ್ನು ತಪ್ಪಿಲ್ಲದೆ ಕೂಡಿಸಬಲ್ಲ ಗುಮಾಸ್ತರಿಗೆ ಹದಿಮೂರರವರೆಗೆ ಎಣಿಸುವುದು ಭಾರವಾಗದು. ನಮ್ಮ ಲೆಕ್ಕವನ್ನು ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆಯುವುದಾದರೆ, ಬಳಪದ ಅಜ್ಜಿಗೆ ೧೪, ಕಥೆಯ ಅಜ್ಜಿಗೆ ೧೬ ಎಂದು ಬಂದುದು ಹೇಗೆಂಬುದನ್ನು ಮೊದಲು ವಿವರಿಸಿ, ಅನಂತರ ತಮ್ಮ ಕೋಲನ್ನು ಎತ್ತಲಿ.